ದೆಲ್ಫೀನಳ ಎಡ ಸೊಂಟ

ದೆಲ್ಫೀನ್ ಕುಣಿಯಲು ನಿಂತರೆ ಲಮೆಕ್ ದ್ವೀಪದ ಮುದುಕರೂ ಕುರ್ಚಿ ಬಿಟ್ಟು ಏಳುತ್ತಿದ್ದರು. ಪ್ರಾಯವನ್ನೆಲ್ಲ ಏಡಿ ಮಾಂಸ ಡಬ್ಬಿ ತುಂಬುವ ಕಾರ್ಖಾನೆಯ ಒದ್ದೆ ನೆಲದಲ್ಲಿ ನಿಂತೇ ಕಳೆದವಳು. ಶನಿವಾರ ಸಂಜೆ ಚರ್ಚಿನ ಸಭಾಂಗಣದಲ್ಲಿ ಗಂಡ ಯುಲೀಸ್ ಪಿಟೀಲು ಹಿಡಿದರೆ ದಣಿವೆಲ್ಲ ಮರೆಯುತ್ತಿದ್ದಳು. ಎಡ ಸೊಂಟದ ಕೀಲು ಸವೆದಾಗ ಮಾಂಕ್ಟನ್ ನಗರದ ಆಸ್ಪತ್ರೆಗೆ ಹೋಗಿ ಲೋಹದ ಕೀಲು ಹಾಕಿಸಿಕೊಂಡಳು. ಮರುವರ್ಷ ಮತ್ತೆ ಕುಣಿದಳು.

ಆಮೇಲೆ ತೊಡೆಸಂದಿಯಲ್ಲಿ ನೋವು ಹಿಡಿಯಿತು. ಊರಿನ ಡಾಕ್ಟರು ಬೆನ್ನಿನ ದೋಷವೆಂದರು, ವಯಸ್ಸೆಂದರು. ಬಾಯಲ್ಲಿ ಸದಾ ಕಬ್ಬಿಣ ನೆಕ್ಕಿದ ರುಚಿ. ಪಿಟೀಲು ಗೋಡೆಯಾಚೆ ನುಡಿದಂತೆ ಕೇಳತೊಡಗಿತು.

"ಸ್ವಲ್ಪ ಜೋರಾಗಿ ನುಡಿಸು ಮಾರಾಯ, ಏನೂ ಕೇಳ್ತಿಲ್ಲ."

"ಊರಿಗೆಲ್ಲ ಕೇಳ್ತಿದೆ ಕಣೇ. ನಿನ್ನ ಕಿವೀಲಿ ಏಡಿ ಸೇರ್ಕೊಂಡಿರ್ಬೇಕು."

ಇಬ್ಬರೂ ನಕ್ಕರು. ಎರಡು ಚಳಿಗಾಲ ಹಾಗೇ ಕಳೆದವು. ಕೊನೆಗೆ ಮಾಂಕ್ಟನ್ನಿನ ಹೊಸ ಶಸ್ತ್ರವೈದ್ಯೆಯೊಬ್ಬಳು ರಕ್ತ ಪರೀಕ್ಷೆ ಮಾಡಿಸಿದಳು. ರಕ್ತದ ತುಂಬ ಕೋಬಾಲ್ಟ್ ಎಂಬ ಲೋಹ.

"ನಿಮ್ಮ ಕೀಲು ತುಂಡು ತುಂಡು ಜೋಡಿಸಿ ಮಾಡಿದ್ದು. ಜೋಡಿಸಿದ ಜಾಗ ತಿಂದುಹೋಗಿ, ಲೋಹ ರಕ್ತಕ್ಕೆ ಇಳೀತಿದೆ," ಎಂದಳು ವೈದ್ಯೆ.

"ತುಕ್ಕಾ?"

"ಒಂಥರಾ ತುಕ್ಕೇ."

"ದೋಣಿಗಾದ್ರೆ ವರ್ಷಕ್ಕೊಂದ್ಸಲ ಬಣ್ಣ ಬಳೀತೀವಿ," ಎಂದಳು ದೆಲ್ಫೀನ್. ಈ ಸಲ ಯುಲೀಸ್ ನಗಲಿಲ್ಲ.

ಮೂಳೆಯೊಳಗೆ ಇಳಿಸಿದ್ದ ಹಳೆಯ ಕೀಲಿನ ಕಂಬಿ ಅಲ್ಲೇ ಕಚ್ಚಿಕೊಂಡಿತ್ತು. ತೊಡೆಮೂಳೆ ಸೀಳಿಯೇ ಅದನ್ನು ತೆಗೆಯಬೇಕಾಯಿತು. ಸುತ್ತಲ ಮಾಂಸ ಬೂದುಬಣ್ಣಕ್ಕೆ ತಿರುಗಿ ಸತ್ತಿತ್ತು. ಹೊಸ ಕೀಲನ್ನೇನೋ ಕೂರಿಸಿದರು, ಆದರೆ ಅದನ್ನು ಹಿಡಿದಿಡಬೇಕಾದ ಸ್ನಾಯುವೇ ಉಳಿದಿರಲಿಲ್ಲ. ಮನೆಗೆ ಬಂದ ತಿಂಗಳಲ್ಲೇ ಕಾಲುಚೀಲ ಹಾಕಿಕೊಳ್ಳಲು ಬಗ್ಗಿದಾಗ ಕೀಲು ಜಾರಿತು. ಆಸ್ಪತ್ರೆಯಲ್ಲಿ ಅದನ್ನು ಮತ್ತೆ ಕೂರಿಸಿ ಕಳಿಸಿದರು. ಹಾಸಿಗೆಯಲ್ಲಿ ಮಗ್ಗುಲಾದಾಗ ಮತ್ತೆ ಜಾರಿತು.

"ಮತ್ತೆ ಕೊಯ್ದು ಸರಿ ಮಾಡೋಕಾಗಲ್ವಾ?" ಎಂದು ಯುಲೀಸ್ ಕೇಳಿದ.

"ಹೊಲಿಯೋಕೆ ಒಳಗೆ ಏನೂ ಇಲ್ಲ," ಎಂದಳು ವೈದ್ಯೆ. ಕಿವಿಯ ಬಗ್ಗೆ ಕೇಳಿದ್ದಕ್ಕೆ, ಅದನ್ನು ಕೆಡಿಸಿದ್ದೂ ಆ ಲೋಹವೇ, ಹೋದದ್ದು ಬರುವುದು ಕಷ್ಟ ಎಂದಳು.

ಈಗ ದೆಲ್ಫೀನ್ ಅಡುಗೆಮನೆಯ ಕಿಟಕಿಯ ಬಳಿ, ಕೀಲು ಜಾರದಂತೆ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಎತ್ತರದ ಕುರ್ಚಿಯಲ್ಲಿ ಕೂರುತ್ತಾಳೆ. ಮೊನ್ನೆ ಶನಿವಾರ ಗಂಡನಿಗೆ, "ನೀನಾದ್ರೂ ಹೋಗು, ಜನ ಕಾಯ್ತಿರ್ತಾರೆ," ಎಂದಳು.

"ನೀನಿಲ್ದೆ ಯಾರಿಗೇಂತ ನುಡಿಸ್ಲಿ?"

ಅವಳು ಅವನ ತುಟಿಯನ್ನೇ ನೋಡಿದಳು. "ಏನಂದೆ?"

"ಸೂಪ್ ಆರ್ತಿದೆ, ಕುಡಿ ಅಂದೆ," ಎಂದು ಗಟ್ಟಿಯಾಗಿ ಹೇಳಿ ಯುಲೀಸ್ ಬಟ್ಟಲನ್ನು ಅವಳ ಕೈಗೆ ಕೊಟ್ಟ.