ಊಜಿ ಬಲೆಯ ಡ್ರಮ್ಮು

ನಮ್ಮ ಮನೆಯಲ್ಲಿ ಡ್ರಮ್ ಬಾರಿಸಬೇಕಾದರೆ ಮೊದಲು ರೇಷ್ಮೆ ಹುಳಗಳ ಅಪ್ಪಣೆ ಆಗಬೇಕು. ತಮಾಷೆಗೆ ಹೇಳುತ್ತಿಲ್ಲ. ಕುದೇರಿನ ನಮ್ಮ ಮನೆಯಲ್ಲಿ ದೊಡ್ಡದಾದ, ಗಾಳಿ ಬೆಳಕು ಚೆನ್ನಾಗಿರುವ ಕೋಣೆ ಹುಳಗಳದ್ದು. ಉಳಿದ ಎರಡು ಗೂಡುಗಳಲ್ಲಿ ನಾನು ಮತ್ತು ನನ್ನ ಹೆಂಡತಿ ಬಾಳುತ್ತೇವೆ. ಹುಳ ಸಾಕುವವಳು ಅವಳು. ನಾನು ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್, ಭಾನುವಾರಗಳಲ್ಲಿ ಗುಂಡ್ಲುಪೇಟೆಯ ಒಂದು ಆರ್ಕೆಸ್ಟ್ರಾಕ್ಕೆ ಡ್ರಮ್ ಬಾರಿಸುವವನು. ಬಾರಿಸುತ್ತಿದ್ದವನು ಅನ್ನಬೇಕೋ ಏನೋ, ಅದೇ ಗೊತ್ತಾಗದೆ ಆ ಚಳಿಗಾಲವಿಡೀ ಒದ್ದಾಡಿದೆ.

ಹುಳದ ಮನೆಗೆ ಅವಳದೇ ಕಾನೂನು. ಕಾಲು ತೊಳೆಯದೆ ಹೊಸ್ತಿಲು ದಾಟುವಂತಿಲ್ಲ. ಊದುಬತ್ತಿ ಹಚ್ಚುವಂತಿಲ್ಲ. ಹುಳ ಜ್ವರಕ್ಕೆ ಕೂತಾಗ, ಎಂದರೆ ಮೇವು ಬಿಟ್ಟು ಪೊರೆ ಕಳಚುವಾಗ, ಒಂದು ಪಾತ್ರೆ ಬೀಳಿಸುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ, ಒಳಗೆ ನಿಂತು ಕೆಟ್ಟ ಮಾತು ಆಡಬಾರದು. ಇದು ಅವಳ ತವರಿನಿಂದ ಬಂದದ್ದು. ಹುಳಕ್ಕೆ ರೋಗ ಕಾಣಿಸಿದರೂ ಅಂಗಳಕ್ಕೆ ಬಂದೇ ಹೇಳಬೇಕು. ಒಮ್ಮೆ ಅವಳು ಸೊಂಟ ಹಿಡಿದುಕೊಂಡು ಸೊಪ್ಪು ಹಾಕುತ್ತಿದ್ದಾಗ ಪಕ್ಕದ ಮನೆಯಾಕೆ ಕಿಟಕಿಯಿಂದ, "ಸೊಂಟ ಎಂಗದಮ್ಮಿ?" ಅಂದರೆ, ನೆಟ್ಟಗೆ ನಿಲ್ಲಲಾರದವಳು "ಚೆನ್ನಾಗದೆ" ಅಂದಿದ್ದಳು. ಆಮೇಲೆ ಅಂಗಳಕ್ಕೆ ಬಂದು ಅತ್ತಳು. ಮದುವೆಯಾಗಿ ಹದಿನೆಂಟು ವರ್ಷ ಇದನ್ನು ನೋಡಿ ನಗುತ್ತಾ ಬಂದವನು ನಾನು.

ಆ ಚಳಿಗಾಲಕ್ಕೆ ಹಿಂದಿನ ಮಳೆಗಾಲದಲ್ಲಿ ಅವಳ ಜೊತೆ ಹಿಪ್ಪುನೇರಳೆ ಕೊಯ್ಯುತ್ತಿದ್ದೆ. ಎಡಗೈಯಲ್ಲಿ ಕಡ್ಡಿಗಳನ್ನು ಹಿಡಿದು ಬಲಗೈಯಲ್ಲಿ ಕುಡುಗೋಲು ಎಳೆದೆ. ಗಮನ ಎಲ್ಲಿತ್ತೋ, ಕುಡುಗೋಲು ಎಡ ಮಣಿಕಟ್ಟಿಗೆ ಬಿತ್ತು. ಗಾಯ ಮಾಯಿತು. ಕಿರುಬೆರಳು ಮತ್ತು ಉಂಗುರದ ಬೆರಳಿನ ಬಿಗಿ ಮಾತ್ರ ಮರಳಿ ಬರಲಿಲ್ಲ. ಕಾರ್ಖಾನೆಯ ಕೆಲಸಕ್ಕೆ ಅಡ್ಡಿಯಿರಲಿಲ್ಲ. ಆದರೆ ಡ್ರಮ್ಮಿನಲ್ಲಿ ಬಲಗೈ ಸಣ್ಣ ತಾಳ ನಡೆಸುತ್ತಿದ್ದರೆ, ನಡುವೆ ಸ್ನೇರ್ ಎಂಬ ಚಿಕ್ಕ ಡ್ರಮ್ಮಿನ ಮೇಲೆ ಠಣ್ಣನೆ ಬೀಳುವ ಪೆಟ್ಟು ಎಡಗೈಯದು. ಜನ ಕಾಲು ಕುಣಿಸುವುದು ಆ ಪೆಟ್ಟಿಗೇ.

ಆರ್ಕೆಸ್ಟ್ರಾದ ಯಜಮಾನರು ಕೀಬೋರ್ಡ್ ನುಡಿಸುವ ಮಲಯಾಳಿ, ಗುಂಡ್ಲುಪೇಟೆಯಲ್ಲೇ ಹುಟ್ಟಿ ಬೆಳೆದವರು. ಕೈ ನೋಡಿ, "ಬೇಸಿಗೆ ಮದುವೆಗಳ ಹೊತ್ತಿಗೆ ಸರಿ ಮಾಡಿಕೊಂಡು ಬಾ. ಅಲ್ಲಿವರೆಗೆ ಗಡಿಯಾಚೆ ಬತ್ತೇರಿಯಿಂದ ಒಬ್ಬ ಹುಡುಗನನ್ನ ಕರೆಸ್ತೇನೆ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಆದರೆ ನಾನು ಹದಿನೈದು ವರ್ಷ ಕೂತ ಸ್ಟೂಲು ಅದು. ಅದರ ಮೇಲೆ ಕೂತಾಗ ಮಾತ್ರ ನಾನು ಯಾರೋ ಒಬ್ಬ ಮನುಷ್ಯ ಅನ್ನಿಸುತ್ತಿತ್ತು, ಇಳಿದರೆ ಫ್ಯೂಸ್ ಹಾಕುವವನು. ಬೇರೊಬ್ಬ ಅಲ್ಲಿ ಕೂತು ಅಭ್ಯಾಸ ಮಾಡಿಕೊಂಡರೆ ಯಾರು ಎಬ್ಬಿಸುತ್ತಾರೆ?

ಡ್ರಮ್ ಸೆಟ್ಟು ಆರ್ಕೆಸ್ಟ್ರಾದ್ದು, ಇದ್ದದ್ದು ಗುಂಡ್ಲುಪೇಟೆಯಲ್ಲಿ. ಮನೆಗೆ ತಂದರೂ ಹುಳಗಳು ಬಾರಿಸಗೊಡುವುದಿಲ್ಲ. ಹಾಗಾಗಿ ಸದ್ದಿಲ್ಲದ ಡ್ರಮ್ಮನ್ನು ನಾನೇ ಮಾಡಲು ಹೊರಟೆ. ಚಾಮರಾಜನಗರದ ಸಂತೆಯಿಂದ ನಾಲ್ಕು ಕಬ್ಬಿಣದ ಜರಡಿ ತಂದು ತಳ ಕಿತ್ತೆ. ಮೇಲೆ ಬಿಗಿಯಲು ಸೊಳ್ಳೆ ಪರದೆ ಕೊಂಡು ತಂದಿದ್ದೆ. ಅವಳು ಬಾಗಿಲಲ್ಲೇ ತಡೆದಳು.

"ಅದ್ಕೆ ಔಸ್ದಿ ಬಳ್ದಿರ್ತಾರೆ. ಸೊಳ್ಳೆ ಸಾಯೋದ್ರಲ್ಲಿ ನನ್ ಹುಳ ಉಳೀತವಾ? ಆಚೆ ಎಸೀರಿ ಮೊದ್ಲು."

ಎಸೆದೆ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಒಂದು ಬೆಳೆಯೇ ಹೋಗುತ್ತಿತ್ತು. ಅವಳೇ ಅಟ್ಟದಿಂದ ಊಜಿ ಬಲೆಯ ತುಂಡು ತೆಗೆದುಕೊಟ್ಟಳು. ಹುಳದ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣ ಒಳಗೆ ಬರದಂತೆ ಕಿಟಕಿಗೆ ಕಟ್ಟುವ ನೈಲಾನ್ ಬಲೆ. ಎರಡು ಪದರ ಎಳೆದು ಕಟ್ಟಿದೆ. ಕಡ್ಡಿ ನಿಜವಾದ ಚರ್ಮದ ಮೇಲಿನಂತೆಯೇ ಪುಟಿಯಿತು. ಬಲೆಯ ಕೆಳಗೆ ಸ್ಪಂಜು, ಸ್ಪಂಜಿನ ಕೆಳಗೆ ಪೆಟ್ಟು ಬಿದ್ದರೆ ವಿದ್ಯುತ್ತು ಹುಟ್ಟಿಸುವ ಹಿತ್ತಾಳೆ ಬಿಲ್ಲೆ. ಬಿಲ್ಲೆಯಿಂದ ತಂತಿ ಒಂದು ಸಣ್ಣ ಪೆಟ್ಟಿಗೆಗೆ, ಅಲ್ಲಿಂದ ಹಳೆಯ ಲ್ಯಾಪ್‌ಟಾಪಿಗೆ, ಅಲ್ಲಿಂದ ನನ್ನ ಕಿವಿಯ ಹೆಡ್‌ಫೋನಿಗೆ. ಬೆಸುಗೆಯ ಹೊಗೆ ಹುಳಕ್ಕೆ ಆಗದೆಂದು ಆ ಕೆಲಸವನ್ನೆಲ್ಲ ಕಾರ್ಖಾನೆಯ ಊಟದ ಬಿಡುವಿನಲ್ಲಿ ಮುಗಿಸಿದೆ. ಜರಡಿ ಮುಟ್ಟಿದರೆ ಕಿವಿಯಲ್ಲಿ ಮದುವೆ ಮಂಟಪದ ಸದ್ದು!

ಪೆಟ್ಟಿಗೆಯಲ್ಲಿ ಪ್ರತಿ ಜರಡಿಗೂ ಒಂದು ತಿರುಪು ಇಟ್ಟಿದ್ದೆ. ತಿರುಪು ಬಲಕ್ಕೆ ಹೋದಷ್ಟೂ ಮೆಲ್ಲನೆಯ ಪೆಟ್ಟು ಜೋರಾಗಿ ಕೇಳುತ್ತದೆ. ಮೊದಲ ದಿನ ಸ್ನೇರಿನ ಜರಡಿಯ ಸದ್ದು ಸಣ್ಣಗೆ ಬಂತು. ಬಿಲ್ಲೆ ಸರಿಯಾಗಿ ಕೂತಿಲ್ಲವೆಂದುಕೊಂಡು ಅದರ ತಿರುಪನ್ನು ಒಂದಿಷ್ಟು ತಿರುಗಿಸಿದೆ. ಮರುವಾರ ಇನ್ನೊಂದಿಷ್ಟು. ಸ್ಪಂಜು ಗಟ್ಟಿಯಾಯಿತು, ತಂತಿ ಸಡಿಲ, ಬಲೆ ಜೋಲು, ದಿನಕ್ಕೊಂದು ನೆವ. ಕೈಯನ್ನು ಬಿಟ್ಟು ಉಳಿದೆಲ್ಲವನ್ನೂ ದೂರಿದೆ. ಎರಡು ಕೈಯೂ ಆ ಒಂದೇ ಜರಡಿಯ ಮೇಲೆ ಸರಸರನೆ ಬೀಳುವ ಉರುಳಿಕೆಯಲ್ಲಿ ಬಲಗೈ ಕಿವಿ ಒಡೆಯುವಂತೆ ಕೇಳುತ್ತಿತ್ತು. ಅದಕ್ಕೆ ಬಲಗೈಯನ್ನೇ ಮೆತ್ತಗೆ ಮಾಡಿಕೊಂಡೆ. ಕೊನೆಗೆ ಹೆಡ್‌ಫೋನಿನಲ್ಲಿ ಎರಡೂ ಕೈ ಸಮ ಸಮ.

ಆದರೂ ಅಳುಕು ಹೋಗುತ್ತಿರಲಿಲ್ಲ. ಪ್ರತಿ ಸಂಜೆ ಬಾರಿಸಿ ಮುಗಿಸಿ, ಹುಳದ ಮನೆಯ ಹೊಸ್ತಿಲ ಈಚೆ ನಿಂತು ಕೇಳುತ್ತಿದ್ದೆ. "ಎಂಗದೆ?"

ಸೊಪ್ಪು ಹರಡುತ್ತಾ ಅವಳು ಒಳಗಿನಿಂದ ಅನ್ನುತ್ತಿದ್ದಳು, "ಚೆನ್ನಾಗದೆ."

ಬೇಸಿಗೆ ಹತ್ತಿರ ಬಂದಾಗ ಒಂದು ಭಾನುವಾರ ಬೆಳಿಗ್ಗೆ ಗುಂಡ್ಲುಪೇಟೆಗೆ ಹೋದೆ. ಬಸ್‌ಸ್ಟ್ಯಾಂಡಿನ ಹಿಂದೆ ಆರ್ಕೆಸ್ಟ್ರಾ ಅಭ್ಯಾಸ ಮಾಡುವ ಮಾಳಿಗೆಯಲ್ಲಿ ನನ್ನ ಹಳೆಯ ಸ್ಟೂಲು. ಬತ್ತೇರಿಯ ಹುಡುಗ ಅದರಿಂದ ಎದ್ದು ಮರ್ಯಾದೆಯಿಂದ ಜಾಗ ಬಿಟ್ಟ. ಯಜಮಾನರು ಕೀಬೋರ್ಡ್ ಶುರು ಮಾಡಿದರು. ನಾಲ್ಕು ಸುತ್ತು ಬಾರಿಸಿದೆ. ಬಲಗೈಯ ಸದ್ದು ಕೋಣೆ ತುಂಬುತ್ತಿತ್ತು, ಎಡಗೈಯದು ಇಲ್ಲವೇ ಇಲ್ಲ. ಕಡ್ಡಿ ಬೀಳುವುದು ಕಣ್ಣಿಗೆ ಕಾಣುತ್ತಿತ್ತು, ಅಷ್ಟೇ. ಇನ್ನೂ ಬಲ ಹಾಕಿದೆ. ಕಡ್ಡಿ ಜಾರಿ ಹುಡುಗನ ಕಾಲ ಬಳಿ ಉರುಳಿತು. ಅವನು ಎತ್ತಿ ಕೊಟ್ಟ.

"ಸಾರಮಿಲ್ಲ," ಅಂದರು ಯಜಮಾನರು. ಪರವಾಗಿಲ್ಲ ಅನ್ನುವುದಕ್ಕೆ ಅವರ ಮಾತು ಅದು. "ಮೊದಲ ಮದುವೆಗೆ ಇನ್ನೂ ಆರು ವಾರ ಇದೆ. ಇನ್ನೊಮ್ಮೆ ಬಾ. ಆಗಲೂ ಆಗದಿದ್ದರೆ ಇವನನ್ನೇ ಇಟ್ಟುಕೊಳ್ಳಬೇಕಾಗ್ತದೆ."

ಬಸ್ಸಿನಲ್ಲಿ ಕೂತು ಅತ್ತೆ. ಊರು ಹತ್ತಿರ ಬಂದಂತೆ ಅಳು ಹೋಗಿ ಸಿಟ್ಟು ಬಂತು, ಅದೂ ಹೆಂಡತಿಯ ಮೇಲೆ. ಅಂಗಳದಲ್ಲಿ ಸೊಪ್ಪಿನ ಹೊರೆ ಬಿಚ್ಚುತ್ತಿದ್ದವಳಿಗೆ, "ದಿನಾ ಚೆನ್ನಾಗದೆ ಅಂತಿದ್ದಲ್ಲ, ಏನ್ ಕೇಳ್ತಾ ಇದ್ದೆ ನೀನು?" ಅಂತ ಕೂಗಿದೆ.

ಅವಳು ಹೊರೆ ಬಿಟ್ಟು ನಿಂತಳು. "ಕಿವಿಗೆ ಅದ್ನ ಸಿಗಾಕ್ಕಂಡಿರೋರು ನೀವು. ನಂಗೆ ಬರೀ ಜರಡಿ ಸದ್ದೇ ಕೇಳ್ತಿದ್ದುದು. ಒಂದ್ ಕೈ ಟಕ್ ಅಂತದೆ, ಇನ್ನೊಂದು ಸುಮ್ನೆ ಸವರ್ತದೆ. ಮೊದ್ಲಿಂದ್ಲೂ ಅಂಗೇ."

"ಮತ್ತೆ ಹೇಳ್ಬಾರ್ದಾ?"

"ಎಲ್ಲಿ ನಿಂತ್ಕಂಡು ಕೇಳ್ತಿದ್ರಿ ನೀವು?" ಅಂದಳು. ಮತ್ತೆ ಹೊರೆಗೆ ಕೈ ಹಾಕಿ, "ಆಚೆ ಬಂದು ಹೇಳನ ಅಂತ ನಂಗೂ ಅನ್ಸೋದು. ನನ್ ಸೊಪ್ಪು ಕುಯ್ಯಕ್ ಬಂದೇ ಅಲ್ವಾ ಕೈ ಕುಯ್ಕಂಡಿದ್ದು? ಬಾಯ್ ಬರ್ನಿಲ್ಲ ಕಣ್ರೀ" ಅಂದಳು.

ಹದಿನೆಂಟು ವರ್ಷ ನಕ್ಕ ಕಟ್ಟಳೆ. ಕೆಟ್ಟದ್ದನ್ನು ಹೇಳಬಾರದ ಜಾಗ ಊರಿಗೆಲ್ಲ ಒಂದೇ ಇದ್ದದ್ದು, ನಾನು ಹುಡುಕಿಕೊಂಡು ಹೋಗಿ ಅಲ್ಲೇ ಕೇಳಿದ್ದೆ. ಅಂಗಳದಲ್ಲಿ ಒಂದು ದಿನ ಕೇಳಬಹುದಿತ್ತು. ಕೇಳಲು ನನಗೆ ಧೈರ್ಯವಿರಲಿಲ್ಲ ಅನ್ನುವುದೇ ನಿಜ.

ಅವತ್ತೇ ತಿರುಪುಗಳನ್ನೆಲ್ಲ ಒಂದೇ ಮಟ್ಟಕ್ಕೆ ತಂದು, ಮತ್ತೆ ತಿರುಗದಂತೆ ಮೇಲೆ ಅಂಟು ಸುರಿದೆ. ಹೆಡ್‌ಫೋನ್ ಬಿಚ್ಚಿಟ್ಟೆ. ಬರೀ ಜರಡಿಯ ಸದ್ದಿಗೆ ಬಾರಿಸಿದೆ, ಬಾರಿಸಿದ ಮೇಲೆ ಅವಳನ್ನು ಏನೂ ಕೇಳಲಿಲ್ಲ. ಅವಳೇ ಕೆಲಸ ಮುಗಿಸಿ ಅಂಗಳಕ್ಕೆ ಬಂದು ಹೇಳುವಳು. "ಎಡ ಸತ್ತೋಗದೆ." "ಇವತ್ತೂ ಅಂಗೇ." "ಮೊದ್ಲು ಒಸಿ ಇತ್ತು, ಆಮೇಲೆ ಇಲ್ಲ." ಐದು ವಾರ ಅವಳು ಅಂಗಳಕ್ಕೆ ಬಂದು ಒಂದೂ ಒಳ್ಳೆಯ ಮಾತು ಆಡಲಿಲ್ಲ. ಬೆರಳಿಗೆ ರಬ್ಬರ್ ಪಟ್ಟಿ ಸುತ್ತಿದೆ, ಕಡ್ಡಿ ಹಿಡಿಯುವುದನ್ನೇ ಬದಲಿಸಿದೆ, ಎರಡು ಬೆರಳಿನ ಕೆಲಸವನ್ನು ಹೆಬ್ಬೆರಳಿಗೆ ಕಲಿಸಿದೆ. ನೋವಿಗೆ ಎಡಗೈಯಲ್ಲಿ ನೀರಿನ ಲೋಟವೂ ನಿಲ್ಲುತ್ತಿರಲಿಲ್ಲ.

ಮೊದಲ ಮದುವೆಗೆ ಮುಂಚಿನ ಕೊನೆಯ ಭಾನುವಾರ ಬಂತು. ಹುಳ ಹಣ್ಣಾಗಿದ್ದವು. ಹಾಗೆ ಹಣ್ಣಾದ ಹುಳಗಳನ್ನು ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರಿನ ತಟ್ಟೆಗೆ ಆಯ್ದು ಹಾಕಬೇಕು, ತಡವಾದರೆ ಕೆಟ್ಟವು. ಅವಳಿಗೆ ತಲೆಯೆತ್ತಲು ಬಿಡುವಿರಲಿಲ್ಲ. ಬಸ್ಸಿಗೆ ಮುಂಚೆ ನಾನು ಒಂದು ಹಾಡು ಪೂರ್ತಿ ಬಾರಿಸಿದೆ. ಬ್ಯಾಗು ಹೆಗಲಿಗೇರಿಸಿ ಹೊರಟವನು, ಹಳೆಯ ಚಾಳಿ, ಅದೇ ಹೊಸ್ತಿಲ ಮುಂದೆ ನಿಂತುಬಿಟ್ಟೆ.

"ಎಂಗದೆ?"

ಅವಳು ಕೈಯಲ್ಲಿದ್ದ ಹುಳ ಇಟ್ಟಳು. ಸೆರಗಿಗೆ ಕೈ ಒರೆಸಿಕೊಂಡು, ಹೊಸ್ತಿಲು ದಾಟಿ, ನನ್ನ ಪಕ್ಕದಲ್ಲೇ ಹಾದು ಅಂಗಳಕ್ಕೆ ನಡೆದಳು. ಅಂಗಳಕ್ಕೆ ಹೊರಟಳೆಂದರೆ ಕೆಟ್ಟ ಮಾತೇ. ಇನ್ನು ಗುಂಡ್ಲುಪೇಟೆಗೆ ಹೋಗುವುದೇ ಬೇಡ ಅಂದುಕೊಂಡು ಅವಳ ಹಿಂದೆ ಹೋದೆ.

ಅಂಗಳದ ನಡುವೆ ತಿರುಗಿ ನಿಂತು, ನನ್ನ ಎಡಗೈ ನೋಡಿ ಅಂದಳು.

"ಚೆನ್ನಾಗದೆ."

ನಾನು ಏನಾದರೂ ಅನ್ನುವಷ್ಟರಲ್ಲಿ, "ಬಸ್ ಒಂಟೋಯ್ತದೆ, ಓಗಿ" ಅಂತ ಗದರಿ, ತೊಟ್ಟಿಯ ನೀರಿನಲ್ಲಿ ಕಾಲು ತೊಳೆದುಕೊಂಡು ಮತ್ತೆ ಹುಳದ ಮನೆಯೊಳಗೆ ಹೋದಳು.