ಸ್ವಲ್ಪ ತಪ್ಪಾಗಿ ಹಾಡಿ ಅಂದರು

“ತುಂಬಾ ಸ್ಪಷ್ಟವಾಗಿ ಹಾಡ್ತಿದ್ದೀರಿ. ಇಷ್ಟು ಬೇಡ. ಸ್ವಲ್ಪ ತಪ್ಪಾಗಿ ಹಾಡಿ.”

ಹೆಡ್‌ಫೋನಿನಲ್ಲಿ ಪ್ರೊಡ್ಯೂಸರ್ ದನಿ. ನಾನು ಟೋಕಿಯೋದ ಒಂದು ಸ್ಟುಡಿಯೋದಲ್ಲಿ, ಗಾಜಿನ ಈಚೆ, ಮೈಕ್ ಮುಂದೆ ನಿಂತಿದ್ದೆ. ಜಪಾನಿ ಮಾತು ನನಗೇ ಸರಿಯಾಗಿ ಅರ್ಥವಾಗಲಿಲ್ಲವೇನೋ ಅಂದುಕೊಂಡು ಮತ್ತೊಮ್ಮೆ ಕೇಳಿದೆ.

ಅರ್ಥವೇನೋ ಸರಿಯಾಗಿಯೇ ಆಗಿತ್ತು. ವಿದೇಶಿ ಹುಡುಗಿ ಹಾಡುತ್ತಿದ್ದಾಳೆ ಅಂತ ಕೇಳಿದ ಕೂಡಲೇ ಗೊತ್ತಾಗಬೇಕಂತೆ. ಉಚ್ಚಾರ ಅಲ್ಲಲ್ಲಿ ಎಡವಬೇಕು, ಜನ ನಗಬೇಕು, ‘ಎಷ್ಟು ಮುದ್ದಾಗಿದೆ’ ಅನ್ನಬೇಕು...

ಅದು ನನ್ನ ಹೆಸರಿನಲ್ಲಿ ಬರಬೇಕಿದ್ದ ಮೊದಲ ಹಾಡು.

ನಾನು ಭಾಲ್ಕಿಯವಳು. ಜಪಾನಿಗೆ ಬಂದದ್ದು ಹಾಡಲು ಅಲ್ಲ, ವಯಸ್ಸಾದವರನ್ನು ನೋಡಿಕೊಳ್ಳುವ ಕೇಂದ್ರದಲ್ಲಿ ಕೆಲಸಕ್ಕೆ. ಅಲ್ಲಿನ ಅಜ್ಜ ಅಜ್ಜಿಯರಿಗೆ ಊಟ ಮಾಡಿಸುವಾಗ ಅವರ ಕಾಲದ ಹಾಡುಗಳನ್ನು ಕಲಿತು ಹಾಡುತ್ತಿದ್ದೆ. ಹಾಡಿದರೆ ತುತ್ತಿಗೆ ಬಾಯಿ ತೆರೆಯುತ್ತಿದ್ದರು, ಅಷ್ಟೇ ಕಾರಣ.

ಅಲ್ಲಿದ್ದ ಒಬ್ಬ ಅಜ್ಜನ ಮಗಳು ಸಚಿಕೊ. ಪಾಪ್ ಹಾಡುಗಳಿಗೆ ಟ್ಯೂನ್ ಹಾಕುವವರು. ಒಂದು ಭಾನುವಾರ ಅಪ್ಪನನ್ನು ನೋಡಲು ಬಂದವರು ಬಾಗಿಲಲ್ಲೇ ನಿಂತು ನನ್ನ ಹಾಡು ಕೇಳಿ, “ರಜೆ ದಿನ ಬಂದು ಡೆಮೊ ಹಾಡ್ತೀರಾ?” ಅಂದರು. ಕೇಂದ್ರದವರ ಅನುಮತಿ ಪಡೆದು ಹೋಗತೊಡಗಿದೆ.

ಡೆಮೊ ಅಂದರೆ, ಹೆಸರಾದ ಗಾಯಕರು ಕೇಳಿ ಕಲಿಯಲಿ ಅಂತ ಮೊದಲು ನಮ್ಮಂಥವರು ಹಾಡಿಕೊಡುವುದು. ಅವರು ಹಾಡಿದ ಮೇಲೆ ನಮ್ಮ ದನಿ ಅಳಿಸಿಹಾಕುತ್ತಾರೆ. ಆ ಹಾಡು ಟಿವಿಯಲ್ಲಿ ಬಂದಾಗ, ನಾನು ಉಸಿರು ತೆಗೆದುಕೊಂಡ ಜಾಗದಲ್ಲೇ ಅವರೂ ಉಸಿರು ತೆಗೆದುಕೊಳ್ಳುತ್ತಿದ್ದರು. ನೋಡಿ ಒಬ್ಬಳೇ ಖುಷಿಪಡುತ್ತಿದ್ದೆ.

ಹಾಡಿನ ಸಾಲುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೆ. ಜಪಾನಿಯಲ್ಲಿ ‘ಒಬಸನ್’ ಅಂದರೆ ಚಿಕ್ಕಮ್ಮ, ‘ಒಬಾಸನ್’ ಅಂದರೆ ಅಜ್ಜಿ. ನಮ್ಮ ದೀರ್ಘ ಹಾಕಿ ಬರೆದರೆ ಗೊಂದಲವೇ ಇಲ್ಲ! ಆದರೂ ಕೆಲವು ಉಚ್ಚಾರ ನಾಲಿಗೆಗೆ ಒಗ್ಗಲು ವರ್ಷಗಳೇ ಬೇಕಾದವು. ಬಸ್ಸಿನಲ್ಲಿ, ಪಾತ್ರೆ ತೊಳೆಯುವಾಗ, ಹಾಸಿಗೆ ಮಡಚುವಾಗ ಅದೇ ಗುನುಗು.

ಒಂದು ಡೆಮೊ ಕೇಳಿದ ಈ ಪ್ರೊಡ್ಯೂಸರ್, ನನ್ನಿಂದಲೇ ಹಾಡಿಸುತ್ತೇನೆ ಅಂತ ಕರೆದಿದ್ದರು. ಈಗ ನೋಡಿದರೆ, ಕಷ್ಟಪಟ್ಟು ತಿದ್ದಿಕೊಂಡದ್ದನ್ನೇ ಕೆಡಿಸಿ ಹಾಡಬೇಕು...

ಅವರೇನು ಕೆಟ್ಟವರಲ್ಲ. “ಚೆನ್ನಾಗಿ ಹಾಡುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ನಿಮ್ಮನ್ನು ಯಾಕೆ ನೆನಪಿಡಬೇಕು? ಯೋಚಿಸಿ ನಾಳೆ ಬನ್ನಿ” ಅಂದರು. ಆ ಮಾತಲ್ಲೂ ನಿಜವಿತ್ತು. ಅದಕ್ಕೇ ಹೆಚ್ಚು ನೋವಾಯಿತು.

ಸಂಜೆ ರೂಮಿಗೆ ಬಂದು ಮನೆಗೆ ಫೋನ್ ಮಾಡಿದೆ. ಭಾಲ್ಕಿಯಲ್ಲಿ ಇನ್ನೂ ಮಧ್ಯಾಹ್ನ. ಅಮ್ಮ ಆಗಲೇ ಓಣಿಗೆಲ್ಲ ಸುದ್ದಿ ಹೇಳಿಬಿಟ್ಟಿದ್ದಳು. “ಕಮಠಾಣದ ಅತ್ತಿ ಕೇಳ್ಲತ್ತಾಳ, ಟಿವ್ಯಾಗ ಯಾವಾಗ ಬರ್ತಿ ಅಂತ” ಅಂದಳು. ನಾನು, ಆಯಿಗೆ ಕೊಡು ಫೋನ್ ಅಂದೆ.

ಆಯಿ ಅಂದರೆ ಅಪ್ಪನ ತಾಯಿ. ನಿಜಾಮರ ಕಾಲದ ಸಾಲಿಯಲ್ಲಿ ಉರ್ದು ಕಲಿತವಳು, ತವರುಮನೆಯ ಮಾತು ಮರಾಠಿ. ಬೀದರ್ ಮೈಸೂರು ರಾಜ್ಯಕ್ಕೆ ಸೇರಿದಾಗ ಔರಾದ ತಾಲೂಕಿನ ಎಕಂಬಾದಲ್ಲಿ ಆಗಷ್ಟೇ ಟೀಚರ್ ಆಗಿದ್ದಳು. ಮಕ್ಕಳಿಗೆ ಕಲಿಸುವ ಮುಂಚೆ ತಾನೇ ಕನ್ನಡ ಕಲಿಯಬೇಕಾಯಿತು.

“ಆಯಿ, ಬೇಕಂತಲೇ ತಪ್ಪ್ ಹಾಡು ಅಂತಾರ. ಹಾಡ್ಲಿಲ್ಲಂದ್ರ ಈ ಹಾಡು ಹೋಗ್ತದ. ಏನ್ ಮಾಡ್ಲಿ?”

ಆಯಿ ತನ್ನ ಹಳೆಯ ಕಥೆ ತೆಗೆದಳು.

“ಮೈಸೂರ್ ಕಡಿಂದ ಒಬ್ಬ ಇನ್ಸ್‌ಪೆಕ್ಟರ್ ಬಂದಿದ್ದ ನಮ್ಮ ಸಾಲಿಗಿ. ನನ್ನ ಕನ್ನಡ ಕೇಳಿ ನಕ್ಕ. ಮಕ್ಕಳ ಮುಂದ.”

“ನೀ ಏನ್ ಮಾಡ್ದಿ?”

“ಏನ್ ಮಾಡ್ಲಿ? ನನಗ ಬಂದಷ್ಟು ಸರಿ ಮಾತಾಡ್ದೆ. ನಗಾವ ನಗಲಿ. ಆದ್ರ ಅವನ್ನ ನಗಸ್ಲಾಕ ಅಂತ ಒಂದ್ ಮಾತೂ ತಪ್ಪ್ ಆಡಿಲ್ಲ, ಪ್ರಜ್ಞಾ.”

ಆಮೇಲೆ “ಊಟ ಆಯ್ತೇನು?” ಅಂತ ಕೇಳಿ ಫೋನ್ ಅಮ್ಮನಿಗೆ ಕೊಟ್ಟುಬಿಟ್ಟಳು.

ಮರುದಿನ ನಾನು ಸರಿಯಾಗಿಯೇ ಹಾಡಿದೆ. ಮೊದಲಿಂದ ಕೊನೆಯವರೆಗೆ.

ಗಾಜಿನ ಆಚೆ ಮಾತು ನಡೆಯುತ್ತಿದೆ. ಬಾಯಿ ಆಡುವುದು ಕಾಣುತ್ತಿದೆ, ನನಗೆ ಒಂದೂ ಕೇಳಿಸುತ್ತಿಲ್ಲ.

ಪ್ರೊಡ್ಯೂಸರ್ ತಾವೇ ಒಳಗೆ ಬಂದರು. ತಲೆ ಬಾಗಿಸಿ, “ಕ್ಷಮಿಸಿ. ಈ ಹಾಡನ್ನು ಬೇರೆಯವರಿಂದ ಹಾಡಿಸುತ್ತೇವೆ” ಅಂದರು.

ಅಳು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಸ್ಟೇಷನ್‌ಗೆ ನಡೆದು ಹೋಗುವಾಗ ಮೈಯೆಲ್ಲ ಹಗುರ. ದಾರಿಯಲ್ಲಿ ಒಂದು ಐಸ್‌ಕ್ರೀಮ್ ತಗೊಂಡು ಆ ಚಳಿಯಲ್ಲೇ ತಿಂದೆ.

ಅಮ್ಮನಿಗೆ ಹೇಳುವುದು ಮಾತ್ರ ಕಷ್ಟವಾಯಿತು. “ಹೋದ್ರ ಹೋಗ್ಲಿ ಬಿಡು. ಓಣ್ಯಾಗ ನಾ ಹೇಳ್ತೇನಿ” ಅಂದಳು. ದನಿ ಸಣ್ಣಗಾಗಿತ್ತು.

ಅದಾದ ಮೇಲೆ ಎಷ್ಟೋ ವಾರ ಯಾವ ಸ್ಟುಡಿಯೋದಿಂದಲೂ ಕರೆಯಿಲ್ಲ. ಡೆಮೊ ಕೆಲಸವೂ ಮುಗಿಯಿತು ಅಂದುಕೊಂಡೆ.

ಆಗ ಸಚಿಕೊ ಫೋನ್ ಮಾಡಿದರು. ಅವರದೇ ಹೊಸ ಹಾಡಿಗೆ ಕೋರಸ್ ಬೇಕಂತೆ. “ನಾಲ್ಕು ಜನ ಹಾಡಿದರೂ ಒಂದೇ ದನಿ ಕೇಳಬೇಕು. ಒಬ್ಬರ ಉಚ್ಚಾರ ಅತ್ತಿತ್ತಾದರೂ ಕೆಡುತ್ತದೆ. ಅದಕ್ಕೇ ನೀವು ಬನ್ನಿ.”

ಉಳಿದ ಮೂವರೂ ಜಪಾನಿನವರೇ.

ಆ ಹಾಡು ಹೋದ ವಾರ ಹೊರಗೆ ಬಂತು. ಹಾಡಿದವರ ಹೆಸರುಗಳ ಕೊನೆಯಲ್ಲಿ, ಜಪಾನಿ ಅಕ್ಷರದಲ್ಲಿ, ನನ್ನ ಹೆಸರಿದೆ. ಈ ಸಲ ದನಿ ಅಳಿಸಿಲ್ಲ.

ಆಯಿಗೆ ಫೋನಿನಲ್ಲೇ ಕೇಳಿಸಿದೆ. ಪೂರ್ತಿ ಕೇಳಿ, “ಇದ್ರಾಗ ನಿನ್ ದನಿ ಯಾವ್ದು?” ಅಂದಳು.

ಮತ್ತೆ ಮತ್ತೆ ಹಾಕಿ ನೋಡಿದೆ. ನನಗೂ ಬೇರೆ ಮಾಡಿ ಹೇಳಲು ಬರಲಿಲ್ಲ!

ಕೈಗೆ ಬಂದದ್ದು ತಪ್ಪಿಹೋದಾಗ ‘ಸದ್ಯ, ಬಚಾವಾದೆ’ ಅನಿಸಿದ್ದು ನಿಮಗೂ ಉಂಟಾ?