ಜೈಲಿಗೂ ಮನೆಗೂ ನಡುವೆ ನಿಂತ ನೇರ್ಲಿ ಸಾಹೇಬರು

ಅಪರಾಧ ರುಜುವಾದ ಮೇಲೆ ಜೈಲೊಂದೇ ದಾರಿಯಲ್ಲ, ಎಚ್ಚರಿಕೆ ಕೊಟ್ಟು ಬಿಡಬಹುದು, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಮನೆಗೂ ಕಳಿಸಬಹುದು ಎಂದು ಕಾನೂನು ಎಂದೋ ಹೇಳಿದ್ದರೂ, ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಿಗೆ ಅದನ್ನು ಮಾಡಿ ತೋರಿಸಿದವರು ಈ ತಿಂಗಳು ನಿವೃತ್ತರಾಗುತ್ತಿರುವ ಪರಿವೀಕ್ಷಣಾಧಿಕಾರಿ ಶ್ರೀ ರಾವಸಾಹೇಬ ನೇರ್ಲಿಯವರು. ಶಿಕ್ಷೆ ಗೊತ್ತುಪಡಿಸುವ ಮುನ್ನ ನ್ಯಾಯಾಲಯ ಕೇಳುವ ನಡತೆಯ ವರದಿಗಾಗಿ ಅವರು ಅಲೆದ ದೂರದಲ್ಲಿ ಚಂದ್ರನಿಗೆ ಹೋಗಿ, ಅಲ್ಲೊಂದು ಚಹಾ ಕುಡಿದು, ಸಂಕೇಶ್ವರದ ಬಸ್ಸಿಗೆ ವಾಪಸಾಗಬಹುದಿತ್ತು.

ಸೇವೆಯ ಆರಂಭದಲ್ಲಿ ಅವರು ಆರೋಪಿಯನ್ನಷ್ಟೇ ಕೇಳಿ ವರದಿ ಬರೆಯುತ್ತಿದ್ದರು. ಆಮೇಲೆ ನೆರೆಹೊರೆಯನ್ನು ಮೊದಲು ಕೇಳುವ ಪದ್ಧತಿ ಹಿಡಿದರು. ಅವರ ಕುತೂಹಲಕ್ಕೆ ಎಮ್ಮೆಗಳೂ ಮೇವು ಬಿಟ್ಟು ಉತ್ತರ ಕೊಡುತ್ತಿದ್ದವು.

ಮಮದಾಪುರದ ಹನಮಂತ ಬಾಜೂ ಹೊಲದ ಮುದಕವ್ವನ ಪಂಪಸೆಟ್ಟಿನ ಕೇಬಲ್ ಕದ್ದು ಸಿಕ್ಕುಬಿದ್ದು, ತಪ್ಪೊಪ್ಪಿಕೊಂಡಿದ್ದ. ಮೊದಲ ಅಪರಾಧ. ಜೈಲೋ ಮನೆಯೋ ಎಂಬುದು ಸಾಹೇಬರ ವರದಿಯ ಮೇಲೆ ನಿಂತಿತ್ತು. ಇಸ್ತ್ರಿಯ ಅಂಗಿ ತೊಟ್ಟು, "ಹುಡುಗ ಕುಡೀತಾನೇನ್ರಿ? ದುಡೀತಾನೇನ್ರಿ? ತಾಯಿನ್ನ ಹೆಂಗ ನೋಡ್ಕೋತಾನ್ರಿ?" ಎಂದು ಕೇಳುತ್ತ ಬಂದವರನ್ನು ಊರು ಹೆಣ್ಣಿನ ಕಡೆಯವರೆಂದೇ ತಿಳಿಯಿತು. ಕಟ್ಟೆಯವರು ಹನಮಂತನನ್ನು ಧರ್ಮರಾಯನಿಗಿಂತ ಒಂದು ಮೆಟ್ಟಿಲು ಮೇಲೆ ಕೂರಿಸಿದರು. ಇಷ್ಟು ಹೊಗಳಿಕೆಗೆ ಸಂಶಯಪಟ್ಟ ಸಾಹೇಬರು ನೇರವಾಗಿ ಫಿರ್ಯಾದಿಯ ಹೊಲಕ್ಕೇ ನಡೆದರು.

ಮುದಕವ್ವ ಕಳೆ ಕೀಳುತ್ತಲೇ ಹೇಳಿದಳು: "ಖರೆ ಹೇಳ್ತೇನ್ರಿ ಅಣ್ಣಾರ, ನನ್ನ ಕೇಬಲ್ ಕದ್ದಾನ. ಆದ್ರ ಬ್ಯಾರೆ ಚಟ ಇಲ್ಲ, ಕೂಲಿಗಿ ಕರದ್ರ ಹೊತ್ತು ನೋಡದ ದುಡೀತಾನ. ಹೆಣ್ಣ ಕೊಡ್ರಿ, ಹಾದಿಗಿ ಬರ್ತಾನ."

ಬೇರೆ ಅಧಿಕಾರಿಯಾಗಿದ್ದರೆ ಅಷ್ಟನ್ನೇ ಬರೆದುಕೊಂಡು ಬಸ್ಸು ಹತ್ತುತ್ತಿದ್ದರು. ಸಾಹೇಬರು ತಾವು ಯಾರೆಂದು ತಿಳಿಸಿ, ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು.

ಮುದಕವ್ವ ಎದ್ದು ಸೆರಗು ಕೊಡವಿದಳು. "ಮೊದಲ ಹೇಳಬಾರದೇನ್ರಿ? ಅವನ್ನ ಒಳಗ ಹಾಕಸಬೇಕಂತ ನಾ ಕೋರ್ಟಿಗಿ ಅಡ್ಡ್ಯಾಡಾಕತ್ತೇನಿ."

ಸಾಹೇಬರು ಬದುವಿನ ಮೇಲೆ ಕುಳಿತರು. ಅವಳು ಮತ್ತೊಂದು ಸಾಲು ಕಳೆ ಕಿತ್ತು ಬಂದಳು.

"ಅಲ್ರಿ, ಒಬ್ಬರ ಮಗಳನ್ನ ಕೊಡ್ರಿ ಅಂದಾಕಿ, ಈಗ ಜೈಲಿಗಿ ಹಾಕ್ರಿ ಅಂತ ಯಾ ಬಾಯ್ಲೆ ಹೇಳ್ಲಿ? ಬರಕೋರಿ. ಆದ್ರ ಹೊಸ ಕೇಬಲ್ ಅವನ ಕೈಲೆನ ಹಾಕಸ್ರಿ."

ನ್ಯಾಯಾಲಯ ಹನಮಂತನನ್ನು ಮುಚ್ಚಳಿಕೆಯ ಮೇಲೆ, ಸಾಹೇಬರ ನಿಗಾದಲ್ಲಿ ಬಿಟ್ಟಿತು. ಮುದಕವ್ವನ ಷರತ್ತನ್ನೂ ಆದೇಶದಲ್ಲಿ ಸೇರಿಸಿತು. ಅವಧಿ ಮುಗಿಯುವ ದಿನ ಸಾಹೇಬರು ಹೋದಾಗ ಹನಮಂತ ಅವಳ ಕಬ್ಬಿಗೆ ನೀರು ಹಾಯಿಸುತ್ತಿದ್ದ. ಅವಳು ಪಂಪಿನ ಕೋಣೆಯ ಕೀಲಿಯನ್ನು ಅವನ ಕೈಗೆ ಕೊಟ್ಟು ಗೋಕಾಕದ ಸಂತೆಗೆ ಹೋಗಿದ್ದಳು.

ನೇರ್ಲಿ ಸಾಹೇಬರಿಗೆ ನೂರು ವರ್ಷ ಆಯುಷ್ಯ ಏತಕ್ಕೂ ಸಾಲದು, ಇನ್ನೂರಾದರೂ ಬೇಕು. ಮೂರು ತಾಲೂಕುಗಳಲ್ಲಿ ಮನೆಗೆ ಮರಳಬಹುದಾದ ಹನಮಂತರು ಇನ್ನೂ ಇದ್ದಾರೆ. ಅವರ ನೆರೆಯವರನ್ನು ಹೋಗಿ ಕೇಳಬೇಕಾಗಿದೆ.